ಸೇನೆ ಸೇರದೇ ಹೋದ ಕೋವಿಯ ಕಥೆ

ಪ್ರತಿ ವರ್ಷ ಅಕ್ಟೋಬರ್ 21ರಂದು ಎಲ್ಲ ಜಿಲ್ಲಾ ಕೇಂದ್ರಗಳಂತೆ ಚಾಮರಾಜನಗರದಲ್ಲಿಯೂ ಪೊಲೀಸ್ ಹುತಾತ್ಮರ ದಿನಾಚರಣೆ ನಡೆಯುತ್ತದೆ. ಕರ್ತವ್ಯದಲ್ಲಿ ಮಡಿದವರ ಹೆಸರುಗಳನ್ನು ಓದಲಾಗುತ್ತದೆ. ಅಧಿಕಾರಿಗಳು ಸ್ಮಾರಕಕ್ಕೆ ಹೂವಿಡುತ್ತಾರೆ. ಸಾಲಾಗಿ ನಿಂತ ಪೊಲೀಸರು ಕೋವಿಗಳನ್ನು ಮೇಲಕ್ಕೆತ್ತಿ ಮೂರು ಸುತ್ತು ಗುಂಡು ಹಾರಿಸುತ್ತಾರೆ.

ಈ ದಿನಾಚರಣೆಯ ಮೂಲ ದೂರದ ಲಡಾಖಿನಲ್ಲಿದೆ. 1959ರ ಅಕ್ಟೋಬರ್ 21ರಂದು ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನಾ ಸೈನಿಕರ ಗುಂಡಿಗೆ ಕೇಂದ್ರೀಯ ಮೀಸಲು ಪಡೆಯ ಹತ್ತು ಮಂದಿ ಬಲಿಯಾದರು. ಆದರೆ ಚಾಮರಾಜನಗರ ಜಿಲ್ಲೆಯ ಮಟ್ಟಿಗೆ ಹುತಾತ್ಮರೆಂದರೆ ದೂರದವರಲ್ಲ. 1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದು, ಅಲ್ಲಿದ್ದ ಕೋವಿ ಮತ್ತು ಮದ್ದುಗುಂಡುಗಳನ್ನು ಹೊತ್ತೊಯ್ದಿತು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್.ಪಿ. ಹರಿಕೃಷ್ಣ ಹಾಗೂ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಹೊಂಚುದಾಳಿಯಲ್ಲಿ ಪ್ರಾಣ ತೆತ್ತರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಆಗ ಈ ಊರುಗಳೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದವು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಆ ವರ್ಷಗಳಲ್ಲಿ ಈ ಭಾಗದ ಜನ ಪೊಲೀಸರ ಹೆಗಲ ಮೇಲೆ ಹೆಚ್ಚಾಗಿ ಕಂಡ ಕೋವಿಗಳು ಎರಡು. ಒಂದು, ಮರದ ಮೈಯ ಹಳೆಯ ತ್ರೀನಾಟ್‌ತ್ರೀ. ಇನ್ನೊಂದು, ಎಸ್‌ಎಲ್‌ಆರ್ ಎಂದೇ ಹೆಸರಾದ ಉದ್ದನೆಯ ರೈಫಲ್. ಎರಡರ ವಿನ್ಯಾಸವೂ ಈ ದೇಶದ್ದಲ್ಲ. ಮೊದಲನೆಯದನ್ನು ಆರಿಸಿದವರು ನಮ್ಮನ್ನು ಆಳುತ್ತಿದ್ದ ಬ್ರಿಟಿಷರು. ಎರಡನೆಯದು ಬಂದ ದಾರಿ ಇನ್ನಷ್ಟು ಸುತ್ತಿನದು. ಆ ದಾರಿಯ ಒಂದು ತಿರುವಿನಲ್ಲಿ ಮೂರನೆಯ ಕೋವಿಯೊಂದು ಇತ್ತು. ಬ್ರಿಟನ್ ಸರ್ಕಾರ ಅದನ್ನು ತನ್ನ ಸೇನೆಗೆಂದು ಅಧಿಕೃತವಾಗಿ ಒಪ್ಪಿಕೊಂಡೂ ಆಗಿತ್ತು. ಆದರೂ ಅದು ಕಾರ್ಖಾನೆಯಿಂದ ರಾಶಿರಾಶಿಯಾಗಿ ಹೊರಬರಲಿಲ್ಲ, ಯಾವ ಸೈನಿಕನ ನಿತ್ಯದ ಆಯುಧವೂ ಆಗಲಿಲ್ಲ. ಅದರ ಹೆಸರು ಇಎಂ-2.

ಕಾಗದದ ಮೇಲೆಯೇ ಉಳಿದ ಯೋಜನೆಗಳು ಚಾಮರಾಜನಗರದವರಿಗೆ ಹೊಸದೇನಲ್ಲ. ಇಲ್ಲಿಂದ ಮೆಟ್ಟುಪಾಳ್ಯಂಗೆ ಹೋಗಬೇಕಿದ್ದ ರೈಲು ಮಾರ್ಗದ ಮಾತು ತಲೆಮಾರುಗಳಿಂದ ನಡೆದಿದೆ, ಹಳಿ ಮಾತ್ರ ಮುಂದೆ ಸಾಗಿಲ್ಲ. ಆದರೆ ರೈಲು ಬಾರದಿದ್ದರೆ ಜನ ಬಸ್ಸು ಹಿಡಿಯುತ್ತಾರೆ. ಕೋವಿಯ ಮಾತು ಹಾಗಲ್ಲ. ಕೈಗೆ ಯಾವುದು ಕೊಟ್ಟರೋ ಅದನ್ನೇ ಹಿಡಿದು ಪೇದೆ ಕಾಡಿಗೆ ಇಳಿಯಬೇಕು.

ಒಂದು ಗೇಣಿನ ಲೆಕ್ಕ

ಇಎಂ-2 ಏಕೆ ಗಮನ ಸೆಳೆಯುತ್ತದೆ ಎಂಬುದನ್ನು ತಿಳಿಯಲು ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೋಗುವ ರಸ್ತೆಯ ಇಕ್ಕೆಲ ನೋಡಿದರೆ ಸಾಕು. ಚೆಂಡುಹೂವಿನ ಹೊಲಗಳು ಮುಗಿದು ಕಾಡು ಆರಂಭವಾಗುತ್ತಲೇ ಲಂಟಾನದ ಪೊದೆ ಎದುರಾಗುತ್ತದೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಎಲ್ಲೆಡೆ ಈ ಪರದೇಶಿ ಗಿಡ ನೆಲವನ್ನು ಆವರಿಸಿದೆ. ಆಳೆತ್ತರ ಬೆಳೆದು ಒಂದಕ್ಕೊಂದು ಹೆಣೆದುಕೊಂಡ ಈ ಮುಳ್ಳಿನ ನಡುವೆ ಮನುಷ್ಯ ನಡೆಯುವುದೇ ಬಗ್ಗಿಕೊಂಡು. ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣದ ಜಾಗಗಳಿವೆ. ಇಲ್ಲಿ ಉದ್ದನೆಯ ಕೋವಿ ಬಳ್ಳಿಗೆ ಸಿಕ್ಕಿಕೊಳ್ಳುತ್ತದೆ, ಕೊಂಬೆಗೆ ತಾಗಿ ಸದ್ದು ಮಾಡುತ್ತದೆ. ತಟ್ಟನೆ ತಿರುಗಿಸಬೇಕೆಂದರೆ ತಿರುಗುವುದಿಲ್ಲ.

ತ್ರೀನಾಟ್‌ತ್ರೀ ಕೋವಿಯ ಉದ್ದ 44.5 ಇಂಚು. ಎಸ್‌ಎಲ್‌ಆರ್ ಸುಮಾರು 45 ಇಂಚು. ಮದ್ದುಗುಂಡಿಲ್ಲದೆಯೇ ಅದರ ತೂಕ ನಾಲ್ಕು ಕಿಲೋ ಮೀರುತ್ತದೆ. ಇಎಂ-2 ಇದ್ದದ್ದು 35 ಇಂಚು ಮಾತ್ರ. ತೂಕ ಮೂರೂವರೆ ಕಿಲೋ ಆಸುಪಾಸು. ಅಂದರೆ ಎಸ್‌ಎಲ್‌ಆರ್‌ಗಿಂತ ಒಂದು ಗೇಣಿಗೂ ತುಸು ಹೆಚ್ಚು ಗಿಡ್ಡ. ಮೈದಾನದ ಕವಾಯತಿನಲ್ಲಿ ಈ ಒಂದು ಗೇಣು ಲೆಕ್ಕಕ್ಕೆ ಬರುವುದಿಲ್ಲ. ಪೊದೆಯೊಳಗೆ, ಜೀಪಿನೊಳಗೆ, ಮನೆಯ ಬಾಗಿಲಿನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ.

ಗಿಡ್ಡ ಕೋವಿ ಬೇಕೆಂದರೆ ನಳಿಗೆ ಕತ್ತರಿಸಿದರಾಯಿತು ಎಂದು ಯಾರಾದರೂ ಕೇಳಬಹುದು. ನಳಿಗೆ ಕುಗ್ಗಿದಷ್ಟೂ ಗುಂಡಿನ ವೇಗ ಕುಗ್ಗುತ್ತದೆ. ಬೆಂಕಿ, ಸದ್ದು ಹೆಚ್ಚುತ್ತವೆ. ಇಎಂ-2 ಸಾಧಿಸಿದ್ದು ಬೇರೆಯೇ. ಅದರ ನಳಿಗೆ 24.5 ಇಂಚು ಉದ್ದವಿತ್ತು. ಸೇನೆಯ ಪೂರ್ಣ ಪ್ರಮಾಣದ ರೈಫಲ್‌ಗೆ ಇರಬೇಕಾದಷ್ಟು ಉದ್ದ ಅದು. ಹಾಗಿದ್ದೂ ಒಟ್ಟು ಕೋವಿ ಗಿಡ್ಡವಾಗಿತ್ತು. ಇದು ಹೇಗೆ ಸಾಧ್ಯವಾಯಿತೆಂಬುದನ್ನು ನೋಡುವ ಮೊದಲು, ಇಂಥದೊಂದು ಕೋವಿ ಬೇಕೆಂದು ಏಕೆ ಅನ್ನಿಸಿತೆಂಬುದನ್ನು ನೋಡಬೇಕು.

ಯುದ್ಧ ಕಲಿಸಿದ ಪಾಠ

ತ್ರೀನಾಟ್‌ತ್ರೀ ತೋಟಾ ಬ್ರಿಟಿಷ್ ಸೇನೆಗೆ ಬಂದದ್ದು 1888ರಲ್ಲಿ. ಬಯಲಿನಲ್ಲಿ ಸಾಲುಗಟ್ಟಿ ನಿಂತ ಸೈನಿಕರು ಸಾವಿರ ಗಜ ದೂರದ ಶತ್ರುವಿನ ಗುಂಪಿನ ಮೇಲೆ ಒಟ್ಟಿಗೆ ಗುಂಡು ಹಾರಿಸುವ ಕಾಲ ಅದು. ತೋಟಾಗೂ ಅದಕ್ಕೆ ತಕ್ಕ ಬಲವಿತ್ತು. ಎರಡು ಮಹಾಯುದ್ಧಗಳು ಮುಗಿಯುವ ಹೊತ್ತಿಗೆ ಆ ಬಗೆಯ ಕಾಳಗ ಅಪರೂಪವಾಗಿತ್ತು. ಕಾಲಾಳು ಸೈನಿಕ ಬಹುಮಟ್ಟಿಗೆ ಗುಂಡು ಹಾರಿಸುವುದು ಮುನ್ನೂರು, ನಾನೂರು ಗಜದೊಳಗೆ ಎಂಬುದು ಅನುಭವದಿಂದ ಗೊತ್ತಾಗಿತ್ತು. ಅದಕ್ಕಿಂತ ದೂರದಲ್ಲಿ ಅಡಗಿ ಕುಳಿತ ಶತ್ರು ಬರಿಗಣ್ಣಿಗೆ ಕಾಣುವುದೇ ಕಷ್ಟ.

ಹಾಗಿರುವಾಗ ಅಷ್ಟು ದೊಡ್ಡ ತೋಟಾ ಏಕೆ? ಅದು ಭಾರ. ಹೆಗಲಿಗೆ ಬಲವಾಗಿ ಒದೆಯುತ್ತದೆ. ಒಂದರ ಹಿಂದೊಂದು ಗುಂಡು ವೇಗವಾಗಿ ಹಾರಿಸಿದರೆ ಕೋವಿಯ ಮೂತಿ ಆಕಾಶಕ್ಕೆ ಏಳುತ್ತದೆ. ಇನ್ನೊಂದೆಡೆ ಪಿಸ್ತೂಲಿನ ಗುಂಡು ಹಾರಿಸುವ ಸ್ಟೆನ್ ಗನ್‌ನಂಥ ಆಯುಧಗಳು ಹತ್ತಿರಕ್ಕಷ್ಟೇ ಸರಿ. ಇವೆರಡರ ನಡುವೆ ಒಂದು ಮಧ್ಯಮ ತೋಟಾ ಇರಬೇಕು ಎಂಬ ಯೋಚನೆಯನ್ನು ಯುದ್ಧಕಾಲದಲ್ಲಿಯೇ ಕಾರ್ಯಕ್ಕಿಳಿಸಿದವರು ಜರ್ಮನ್ನರು. ಅವರ ಗಿಡ್ಡ ತೋಟಾ ಹಾಗೂ ಅದಕ್ಕೆಂದು ಮಾಡಿದ ಸ್ಟುರ್ಮ್‌ಗೆವೇರ್ ರೈಫಲ್ ಎಲ್ಲರ ಕಣ್ಣು ತೆರೆಸಿದವು. ರಷ್ಯನ್ನರು 1943ರಲ್ಲಿ ತಮ್ಮದೇ ಮಧ್ಯಮ ತೋಟಾ ರೂಪಿಸಿದರು. ಮುಂದೆ ಎಕೆ-47 ಹುಟ್ಟಿದ್ದು ಅದಕ್ಕಾಗಿ.

ಬ್ರಿಟನ್ ಕೂಡ ಯುದ್ಧ ಮುಗಿಯುತ್ತಲೇ ಆದರ್ಶ ಗಾತ್ರದ ಗುಂಡು ಯಾವುದೆಂದು ಪರಿಶೀಲಿಸಲು ತಜ್ಞರ ಮಂಡಳಿಯೊಂದನ್ನು ಕೂಡಿಸಿತು. ಒಬ್ಬ ಸೈನಿಕನನ್ನು ತಡೆಯಲು ಎಷ್ಟು ಬಲ ಸಾಕು, ಎಷ್ಟು ದೂರದವರೆಗೆ ಸಾಕು, ಎಷ್ಟು ಒದೆತವನ್ನು ಹೆಗಲು ತಾಳಬಲ್ಲದು ಎಂಬ ಲೆಕ್ಕ ಹಾಕಿ ತಜ್ಞರು ಕೆಳಗಿನಿಂದ ಮೇಲಕ್ಕೆ ಬಂದರು. ಕೊನೆಗೆ ನಿಂತದ್ದು ಸುಮಾರು ಏಳು ಮಿಲಿಮೀಟರ್ ದಪ್ಪದ ಗುಂಡಿನಲ್ಲಿ. ಅದಕ್ಕೆ .280 ಎಂಬ ಹೆಸರು ಬಂತು. ತ್ರೀನಾಟ್‌ತ್ರೀಗಿಂತ ಹಗುರವಾದ, ಒದೆತ ಕಡಿಮೆಯಾದ ತೋಟಾ ಅದು.

ಹಿಂದಿನದು ಮುಂದಕ್ಕೆ, ಮುಂದಿನದು ಹಿಂದಕ್ಕೆ

ಈ ತೋಟಾಗೆ ತಕ್ಕ ಕೋವಿ ರೂಪಿಸುವ ಕೆಲಸ ಎನ್‌ಫೀಲ್ಡ್‌ನ ವಿನ್ಯಾಸ ವಿಭಾಗಕ್ಕೆ ಬಂತು. ಎರಡು ತಂಡಗಳು ಬೇರೆ ಬೇರೆ ಹಾದಿ ಹಿಡಿದವು. ಪ್ರಾಯೋಗಿಕ ಮಾದರಿ ಎಂಬುದರ ಇಂಗ್ಲಿಷ್ ಮೊದಲಕ್ಷರಗಳೇ ಇಎಂ. ಇಎಂ-1 ರೂಪಿಸಿದವರು ಸ್ಟ್ಯಾನ್ಲಿ ಥಾರ್ಪ್. ಇಎಂ-2 ತಂಡದ ಮುಖ್ಯಸ್ಥರು ಕಾಜಿಮಿಯೆಜ್ ಯಾನುಶೆವ್‌ಸ್ಕಿ ಎಂಬ ಪೋಲೆಂಡಿನ ಎಂಜಿನಿಯರ್. ಇಂಗ್ಲೆಂಡಿನಲ್ಲಿ ನೆಲೆಸಿದ ಮೇಲೆ ಇವರು ಸ್ಟೀಫನ್ ಜಾನ್ಸನ್ ಎಂದು ಹೆಸರು ಬದಲಿಸಿಕೊಂಡರು.

ಸಾಮಾನ್ಯ ರೈಫಲ್‌ನಲ್ಲಿ ಟ್ರಿಗರ್‌ನ ಮುಂದೆ ಮ್ಯಾಗಜೀನ್, ಅದರ ಮೇಲೆ ತೋಟಾವನ್ನು ನಳಿಗೆಗೆ ತಳ್ಳುವ ಬೋಲ್ಟು, ಅದರ ಮುಂದೆ ನಳಿಗೆ. ಟ್ರಿಗರ್‌ನಿಂದ ಹಿಂದಕ್ಕೆ ಹೆಗಲಿನವರೆಗೆ ಇರುವುದು ಒಂದು ಮೊಳದಷ್ಟು ಮರದ ತುಂಡು. ಹೆಗಲಿಗೆ ಆನಿಸಿಕೊಳ್ಳುವುದನ್ನು ಬಿಟ್ಟರೆ ಆ ಮರಕ್ಕೆ ಹೆಚ್ಚಿನ ಕೆಲಸವಿಲ್ಲ. ಜಾನ್ಸನ್ ತಂಡ ಬೋಲ್ಟು, ಮ್ಯಾಗಜೀನ್ ಎಲ್ಲವನ್ನೂ ಈ ಖಾಲಿ ಜಾಗಕ್ಕೆ ಸರಿಸಿತು. ಟ್ರಿಗರ್ ಮತ್ತು ಕೈಹಿಡಿ ಮ್ಯಾಗಜೀನಿನ ಮುಂದೆ ಬಂದವು. ನಳಿಗೆಯ ಬುಡ ಹೆಚ್ಚುಕಡಿಮೆ ಸೈನಿಕನ ಕೆನ್ನೆಯ ಹತ್ತಿರವೇ ಶುರುವಾಯಿತು. ಹೀಗೆ ನಳಿಗೆ ಒಂದಿಂಚೂ ಕುಗ್ಗದೆ ಕೋವಿ ಗಿಡ್ಡವಾಯಿತು. ಈ ಬಗೆಯ ಜೋಡಣೆಗೆ ಬುಲ್‌ಪಪ್ ಎಂದು ಹೆಸರು.

ಗುಂಡು ಹಾರಿದಾಗ ನಳಿಗೆಯೊಳಗಿನ ಅನಿಲದ ಒಂದಂಶ ಸಣ್ಣ ರಂಧ್ರದಿಂದ ಬಂದು ದಂಡವೊಂದನ್ನು ಹಿಂದಕ್ಕೆ ನೂಕುತ್ತಿತ್ತು. ಆ ನೂಕಿಗೆ ಬೋಲ್ಟಿನ ಎರಡು ಪಕ್ಕದ ಚಿಲಕಗಳು ಒಳಗೆ ಮಡಚಿಕೊಂಡು, ಬೋಲ್ಟು ಹಿಂದೆ ಸರಿದು, ಖಾಲಿ ಕೊಳವೆ ಬಲಕ್ಕೆ ಹಾರಿ ಬೀಳುತ್ತಿತ್ತು. ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೆ ದೂಡಿ ಹೊಸ ತೋಟಾ ತುಂಬುತ್ತಿತ್ತು. ಮ್ಯಾಗಜೀನಿನಲ್ಲಿ 20 ತೋಟಾ. ಬೇಕೆಂದರೆ ಒಂದೊಂದಾಗಿ, ಬೇಕೆಂದರೆ ನಿಮಿಷಕ್ಕೆ ಆರುನೂರಕ್ಕೂ ಮೀರಿದ ವೇಗದಲ್ಲಿ ಹಾರಿಸಬಹುದಿತ್ತು. ಮೇಲೆ ಎತ್ತಿ ಒಯ್ಯಲು ಒಂದು ಹಿಡಿ. ಆ ಹಿಡಿಯಲ್ಲೇ ಗಾಜಿನ ಗುರಿಕೊಳವೆ. ಅಂದಿನ ಕಾಲಾಳಿನ ಕೋವಿಗಳಲ್ಲಿ ಗುರಿಯೆಂದರೆ ಕಬ್ಬಿಣದ ಎರಡು ಮೊಳೆಯ ಸಾಲು ಹಿಡಿಯುವುದು. ಪ್ರತಿ ಸೈನಿಕನಿಗೂ ಗಾಜಿನ ಗುರಿ ಕೊಡಬೇಕೆಂಬ ಯೋಚನೆ ಆಗ ತೀರ ಹೊಸದು.

ದೋಷಗಳಿರಲಿಲ್ಲ ಎಂದಲ್ಲ. ಖಾಲಿ ಕೊಳವೆ ಬಲಕ್ಕೆ, ಮುಖದ ಬಳಿಯೇ ಸಿಡಿಯುತ್ತಿದ್ದುದರಿಂದ ಎಡ ಹೆಗಲಿಗೆ ಇಟ್ಟುಕೊಂಡು ಹಾರಿಸುವಂತಿರಲಿಲ್ಲ. ಒಳಗಿನ ಬಿಡಿಭಾಗಗಳು ಬಹಳ. ಅವನ್ನು ಯಂತ್ರದಲ್ಲಿ ಕೊರೆದು ನಯಗೊಳಿಸುವ ಕೆಲಸ ದುಬಾರಿ. ಲಕ್ಷಗಟ್ಟಲೆ ಕೋವಿ ಬೇಕಾದ ಸೇನೆಗೆ ಇದು ಸಣ್ಣ ತೊಡಕಲ್ಲ. ತಯಾರಾದದ್ದು ಪರೀಕ್ಷೆಗೆ ಸಾಲುವಷ್ಟು ಕೆಲವೇ ಮಾದರಿಗಳು.

ಆರು ತಿಂಗಳ ಆಯುಷ್ಯ

1949ರಲ್ಲಿ ನ್ಯಾಟೋ ಒಕ್ಕೂಟ ಹುಟ್ಟಿತ್ತು. ಮಿತ್ರ ದೇಶಗಳ ಸೈನಿಕರು ಒಂದೇ ತೋಟಾ ಬಳಸಿದರೆ ಯುದ್ಧಕಾಲದಲ್ಲಿ ಒಬ್ಬರ ದಾಸ್ತಾನು ಇನ್ನೊಬ್ಬರಿಗೆ ಒದಗುತ್ತದೆ ಎಂಬುದು ಎಲ್ಲರೂ ಒಪ್ಪಿದ ಮಾತು. ಆದರೆ ಯಾವ ತೋಟಾ? 1950ರಲ್ಲಿ ಇಎಂ-2 ಅನ್ನು ಅಮೆರಿಕಕ್ಕೆ ಒಯ್ದು ಅಲ್ಲಿನ ಹಾಗೂ ಬೆಲ್ಜಿಯಂನ ಮಾದರಿಗಳ ಜೊತೆ ಪರೀಕ್ಷೆಗೆ ಒಡ್ಡಲಾಯಿತು. ಅಮೆರಿಕದ ಸಣ್ಣ ಆಯುಧಗಳ ವಿಭಾಗದ ಮುಖ್ಯಸ್ಥ ಕರ್ನಲ್ ರೆನೆ ಸ್ಟಡ್ಲರ್ ತಮ್ಮ ನಿಲುವು ಬಿಡಲಿಲ್ಲ. ಗುಂಡಿನ ದಪ್ಪ .30 ಇಂಚಿಗಿಂತ ಕಡಿಮೆಯಾಗಕೂಡದು, ಬಲ ಹಳೆಯ ತೋಟಾಗಿಂತ ಇಳಿಯಕೂಡದು. ಎರಡು ಯುದ್ಧ ಗೆದ್ದ ತೋಟಾದ ಬಲವನ್ನು ಕೈಬಿಡಲು ಅವರು ಸಿದ್ಧರಿರಲಿಲ್ಲ. ಬ್ರಿಟಿಷರ .280 ಅವರ ಕಣ್ಣಿಗೆ ಬಲಹೀನವಾಗಿ ಕಂಡಿತು.

ಆದರೂ ಆಟ್ಲಿಯವರ ಲೇಬರ್ ಸರ್ಕಾರ ಹೆಜ್ಜೆ ಮುಂದಿಟ್ಟಿತು. 1951ರ ಏಪ್ರಿಲ್ 25ರಂದು ರಕ್ಷಣಾ ಸಚಿವ ಇಮ್ಯಾನ್ಯುಯೆಲ್ ಶಿನ್‌ವೆಲ್ ಹೊಸ ರೈಫಲ್ ಅಂಗೀಕರಿಸಿರುವುದನ್ನು ಘೋಷಿಸಿದರು. ಅದಕ್ಕೆ ರೈಫಲ್ ನಂ. 9 ಮಾರ್ಕ್ 1 ಎಂಬ ಅಧಿಕೃತ ಹೆಸರೂ ಬಂತು. ಆ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಫ್ರಾನ್ಸ್ ಪ್ರತಿನಿಧಿಗಳು ಕೂತರೂ ಒಮ್ಮತ ಮೂಡಲಿಲ್ಲ. ಅಕ್ಟೋಬರ್ 25ರಂದು ಬ್ರಿಟನ್‌ನಲ್ಲಿ ಚುನಾವಣೆ ನಡೆಯಿತು. ಲೇಬರ್ ಸೋತಿತು. ಘೋಷಣೆಯಾದ ದಿನದಿಂದ ಸರಿಯಾಗಿ ಆರು ತಿಂಗಳು.

ಪ್ರಧಾನಿಯಾಗಿ ಬಂದವರು ವಿನ್‌ಸ್ಟನ್ ಚರ್ಚಿಲ್. ಕರ್ನಾಟಕದವರಿಗೆ ಈ ಹೆಸರಿನ ಜೊತೆ ಹಳೆಯ ಲೆಕ್ಕವೊಂದು ನೆನಪಾಗುತ್ತದೆ. 1896ರಲ್ಲಿ ಕುದುರೆ ದಳದ ತರುಣ ಅಧಿಕಾರಿಯಾಗಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದಿದ್ದ ಚರ್ಚಿಲ್, ಇಂದಿನ ಬೆಂಗಳೂರು ಕ್ಲಬ್‌ನಲ್ಲಿ ತೀರಿಸದೆ ಬಿಟ್ಟುಹೋದ ಬಾಕಿ 13 ರೂಪಾಯಿ. ವಸೂಲಾಗದ ಸಾಲಗಾರರ ಪಟ್ಟಿಯಲ್ಲಿ ಅವರ ಹೆಸರಿರುವ 1899ರ ಲೆಕ್ಕದ ಪುಸ್ತಕವನ್ನು ಕ್ಲಬ್ ಇಂದಿಗೂ ಜೋಪಾನ ಮಾಡಿದೆ.

ರೈಫಲ್ ವಿಷಯದಲ್ಲಿ ಚರ್ಚಿಲ್ ಅವರ ಲೆಕ್ಕ ಸ್ಪಷ್ಟವಿತ್ತು. ಕೊರಿಯಾದಲ್ಲಿ ಯುದ್ಧ ನಡೆದಿತ್ತು. ಯೂರೋಪಿನಲ್ಲಿ ರಷ್ಯದ ಭಯವಿತ್ತು. ಅಮೆರಿಕದ ಜೊತೆ ಒಂದು ತೋಟಾದ ವಿಷಯಕ್ಕೆ ಮನಸ್ತಾಪ ಕಟ್ಟಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ. 1952ರ ಜನವರಿಯಲ್ಲಿ ಅಧ್ಯಕ್ಷ ಟ್ರೂಮನ್ ಅವರನ್ನು ಭೇಟಿಯಾದಾಗ, ಸದ್ಯಕ್ಕೆ ಎರಡೂ ದೇಶಗಳು ತಮ್ಮಲ್ಲಿರುವ ಹಳೆಯ ರೈಫಲ್‌ಗಳನ್ನೇ ಬಳಸುವುದೆಂದು ಒಪ್ಪಂದವಾಯಿತು. ಅಲ್ಲಿಗೆ ಇಎಂ-2 ಬದಿಗೆ ಸರಿಯಿತು. 1953ರ ಕೊನೆಗೆ ಅಮೆರಿಕದ ತೋಟಾವೇ ನ್ಯಾಟೋ ತೋಟಾ ಎಂದು ತೀರ್ಮಾನವಾಯಿತು. 7.62 ಮಿಲಿಮೀಟರ್ ದಪ್ಪ, 51 ಮಿಲಿಮೀಟರ್ ಉದ್ದದ ಕೊಳವೆ. 1954ರ ಆರಂಭದಲ್ಲಿ ಬ್ರಿಟನ್ ಆ ತೋಟಾಗೆ ಹೊಂದುವ ಬೆಲ್ಜಿಯಂನ ಎಫ್‌ಎನ್ ಕಂಪನಿಯ ರೈಫಲ್ ಆರಿಸಿಕೊಂಡಿತು. ಫೆಬ್ರವರಿ 1ರಂದು ಕಾಮನ್ಸ್ ಸಭೆಯಲ್ಲಿ ಈ ಬಗ್ಗೆ ಬಿಸಿ ಚರ್ಚೆಯೇ ನಡೆಯಿತು. ನಮ್ಮದೇ ಉತ್ತಮ ರೈಫಲ್ ಇರುವಾಗ ಪರದೇಶದ್ದೇಕೆ ಎಂಬುದು ವಿರೋಧ ಪಕ್ಷದ ಪ್ರಶ್ನೆ. ಚರ್ಚಿಲ್ ತಮ್ಮ ತೀರ್ಮಾನದಿಂದ ಕದಲಲಿಲ್ಲ.

ಬೆಲ್ಜಿಯಂನ ಆ ರೈಫಲ್ ಕಳಪೆಯದೇನಲ್ಲ. ಅದನ್ನು ರೂಪಿಸಿದ ದ್ಯೂದೊನೆ ಸೇವ್ ನುರಿತ ವಿನ್ಯಾಸಕಾರ. ಸರಳವಾಗಿ ಬಿಚ್ಚಿ ಜೋಡಿಸಬಹುದಾದ, ಕೆಸರು, ಧೂಳು ತಾಳಿಕೊಳ್ಳುವ ಗಟ್ಟಿ ಕೋವಿ. ವಿಶೇಷವೆಂದರೆ ಅದೂ ಒಂದು ಹಂತದಲ್ಲಿ ಬ್ರಿಟಿಷರ .280 ತೋಟಾಗೆಂದೇ ರೂಪಗೊಂಡಿತ್ತು. ಅಮೆರಿಕದ ದೊಡ್ಡ ತೋಟಾಗೆ ಒಗ್ಗಿಸಲು ಅದನ್ನು ಹಿಗ್ಗಿಸಿ ಬಲಪಡಿಸಬೇಕಾಯಿತು. ದೊಡ್ಡ ತೋಟಾದ ಒದೆತದಿಂದಾಗಿ ಸರಣಿ ಗುಂಡು ಹಾರಿಸಿದರೆ ಗುರಿ ನಿಲ್ಲದು. ಹಾಗಾಗಿ ಬ್ರಿಟನ್ ತನ್ನ ಮಾದರಿಯಲ್ಲಿ ಆ ಸೌಲಭ್ಯವನ್ನೇ ತೆಗೆದು, ಒಂದು ಎಳೆತಕ್ಕೆ ಒಂದು ಗುಂಡು ಎಂದು ನಿಲ್ಲಿಸಿತು. ತಾನೇ ತೋಟಾ ತುಂಬಿಕೊಳ್ಳುವ ಈ ರೈಫಲ್‌ನ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಎಸ್‌ಎಲ್‌ಆರ್.

ಈಶಾಪುರದಿಂದ ಮಹದೇಶ್ವರ ಬೆಟ್ಟಕ್ಕೆ

ಸ್ವತಂತ್ರ ಭಾರತದ ಸೇನೆ ಇಷ್ಟೆಲ್ಲ ಆಗುವಾಗ ತ್ರೀನಾಟ್‌ತ್ರೀ ಹಿಡಿದೇ ಇತ್ತು. ಬಂಗಾಳದ ಈಶಾಪುರದ ಸರ್ಕಾರಿ ಕಾರ್ಖಾನೆ ಅದನ್ನೇ ತಯಾರಿಸುತ್ತಿತ್ತು. 1962ರ ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿದಾಗ ನಮ್ಮ ಜವಾನ ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟು ಎಳೆಯುತ್ತಿದ್ದ. ಎದುರಿನವರ ಕೈಯಲ್ಲಿ ಮಧ್ಯಮ ತೋಟಾದ, ತಾನೇ ತುಂಬಿಕೊಳ್ಳುವ ಕೋವಿಗಳಿದ್ದವು. ಸೋಲಿಗೆ ಕೋವಿಯೊಂದೇ ಕಾರಣವಲ್ಲ. ಬೆಚ್ಚನೆಯ ಬಟ್ಟೆಯಿಂದ ಹಿಡಿದು ರಸ್ತೆಯವರೆಗೆ ಕೊರತೆಗಳ ಪಟ್ಟಿ ಉದ್ದವಿದೆ. ಆದರೆ ಹಳೆಯ ಕೋವಿಯ ಕಾಲ ಮುಗಿಯಿತೆಂಬುದು ಆ ಚಳಿಗಾಲದಲ್ಲಿ ಎಲ್ಲರಿಗೂ ಮನವರಿಕೆಯಾಯಿತು.

ಭಾರತವೂ ಎಸ್‌ಎಲ್‌ಆರ್ ಕಡೆಗೇ ತಿರುಗಿತು. ಹೊರದೇಶದ ಮಾದರಿಗಳನ್ನು ಬಿಚ್ಚಿ ಅಳೆದು ನಮ್ಮ ಎಂಜಿನಿಯರುಗಳು ರೂಪಿಸಿದ 1ಎ1 ರೈಫಲ್ ಈಶಾಪುರದಲ್ಲಿ ತಯಾರಾಗತೊಡಗಿತು. ಅದು ಸಾಕಷ್ಟು ಸಂಖ್ಯೆಯಲ್ಲಿ ಬರುವವರೆಗೆ ತ್ರೀನಾಟ್‌ತ್ರೀಯ ಚಹರೆಯಲ್ಲೇ 7.62 ತೋಟಾ ಹಾರಿಸುವ ಕೋವಿಯೊಂದನ್ನೂ ಅಲ್ಲಿ ಮಾಡಲಾಯಿತು. 1971ರ ಯುದ್ಧದಲ್ಲಿ ಎಸ್‌ಎಲ್‌ಆರ್ ನಮ್ಮ ಸೇನೆಯ ಮುಖ್ಯ ರೈಫಲ್ ಆಗಿತ್ತು. ಹಿಮದ ಗುಡ್ಡ, ಮರಳುಗಾಡುಗಳಲ್ಲಿ ದೂರದ ಗುರಿಗೆ ಅದು ಒದಗಿದ ಬಗೆಯನ್ನು ನಿವೃತ್ತ ಸೈನಿಕರು ಇಂದಿಗೂ ಮೆಚ್ಚಿ ಹೇಳುತ್ತಾರೆ.

ಸೇನೆಗೆ ಹೊಸದು ಬಂದಾಗ ಹಳೆಯದು ಪೊಲೀಸರ ಪಾಲಾಗುವುದು ನಮ್ಮಲ್ಲಿ ನಡೆದುಬಂದ ಕ್ರಮ. ಹೀಗೆ ತ್ರೀನಾಟ್‌ತ್ರೀ ಠಾಣೆಗಳಿಗೆ ಬಂತು. ಅದರ ಬೆನ್ನಿಗೆ ಎಸ್‌ಎಲ್‌ಆರ್ ಕೂಡ ಬಂತು. ಯೂರೋಪಿನ ಬಯಲಿನಲ್ಲಿ ರಷ್ಯದ ಸೇನೆ ಎದುರಿಸಲೆಂದು ಒಪ್ಪಿಕೊಂಡ ದೊಡ್ಡ ತೋಟಾ, 45 ಇಂಚಿನ ಕೋವಿಯ ಸಮೇತ, ವೀರಪ್ಪನ್‌ನನ್ನು ಹುಡುಕುತ್ತ ಮಹದೇಶ್ವರ ಬೆಟ್ಟದ ಪೊದೆಗಳಲ್ಲಿ ಅಲೆಯುವಂತಾಯಿತು. ಎದುರಾಳಿ ಕಂಡರೆ ಕಾಣುವುದು ಮೂವತ್ತು, ನಲವತ್ತು ಗಜದಲ್ಲಿ. ಅದೂ ಅರೆಗಳಿಗೆ. ಅಲ್ಲಿ ಬೇಕಿದ್ದದ್ದು ಗಿಡ್ಡವಾದ, ಬೇಗ ತಿರುಗುವ, ಅಗತ್ಯಬಿದ್ದರೆ ಸರಣಿ ಗುಂಡು ಹಾರಿಸುವ ಆಯುಧ. ಕಾರ್ಯಪಡೆ ಎಕೆ-47 ಕಡೆಗೆ ಒಲಿದದ್ದು ಈ ಕಾರಣಕ್ಕೇ. ಗಮನಿಸಬೇಕಾದ ಸಂಗತಿಯೆಂದರೆ ಎಕೆ-47 ಉದ್ದವೂ ಸುಮಾರು 34 ಇಂಚು, ಅದರದೂ ಮಧ್ಯಮ ತೋಟಾ. 1951ರಲ್ಲಿ ಲಂಡನ್ ಒಪ್ಪಿ, 1952ರಲ್ಲಿ ಕೈಬಿಟ್ಟ ಯೋಚನೆ ರಷ್ಯದ ದಾರಿಯಿಂದ ನಮ್ಮ ಕಾಡು ಸೇರಿತು.

ಇಎಂ-2 ಗೆದ್ದಿದ್ದರೆ ಭಾರತಕ್ಕೂ ಅದೇ ಬರುತ್ತಿತ್ತು, ಮೀಣ್ಯಂನಲ್ಲಿ ಸತ್ತವರು ಬದುಕುತ್ತಿದ್ದರು ಎಂದು ಹೇಳಹೊರಟರೆ ಅದು ಕಥೆಯಾದೀತು, ಇತಿಹಾಸವಾಗದು. ಹೊಂಚುದಾಳಿಯಲ್ಲಿ ಮೊದಲ ಗುಂಡು ಹೊಂಚು ಹಾಕಿದವನದು. ನೆಲಬಾಂಬಿಗೆ ಯಾವ ಕೋವಿಯೂ ಉತ್ತರವಲ್ಲ. ಕೊನೆಗೆ 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತದ್ದೂ ಕಾಡಿನ ಕಾಳಗದಲ್ಲಲ್ಲ. ತಮಿಳುನಾಡಿನ ಪಾಪಾರಪಟ್ಟಿ ಬಳಿ ರಸ್ತೆಯಲ್ಲಿ, ಪೊಲೀಸರೇ ಕಳಿಸಿದ್ದ ಆಂಬುಲೆನ್ಸ್ ಹತ್ತಿದ ಮೇಲೆ. ಬೇಹಿನ ಕೆಲಸ ಮಾಡಿದ್ದನ್ನು ಬಂದೂಕು ಮಾಡಲಾಗಿರಲಿಲ್ಲ.

ಮತ್ತೆ ಅದೇ ಚರ್ಚೆ

ಇಎಂ-2 ಅನ್ನು ತಳ್ಳಿಹಾಕಿದ ಅಮೆರಿಕ 1957ರಲ್ಲಿ ದೊಡ್ಡ ತೋಟಾದ ಎಂ-14 ರೈಫಲ್ ಆರಿಸಿಕೊಂಡಿತು. ವಿಯೆಟ್ನಾಂನ ಕಾಡಿನಲ್ಲಿ ಅದು ಉದ್ದ, ಭಾರ ಎನಿಸಿತು. ಹತ್ತು ವರ್ಷ ತುಂಬುವ ಮೊದಲೇ ಅಮೆರಿಕನ್ನರು 5.56 ಮಿಲಿಮೀಟರಿನ ಎಂ-16 ಹಿಡಿದರು. ಬ್ರಿಟಿಷರ ಏಳು ಮಿಲಿಮೀಟರ್ ಚಿಕ್ಕದಾಯಿತು ಎಂದವರು ಅದಕ್ಕಿಂತಲೂ ಚಿಕ್ಕದಕ್ಕೆ ಇಳಿದರು. 1980ರಲ್ಲಿ ನ್ಯಾಟೋ ಕೂಡ 5.56 ಅನ್ನು ಮಾನ್ಯ ಮಾಡಿತು. ಬ್ರಿಟನ್ 1985ರಲ್ಲಿ ತನ್ನ ಸೈನಿಕರಿಗೆ ಕೊಟ್ಟ ಎಸ್‌ಎ-80 ರೈಫಲ್ ಬುಲ್‌ಪಪ್ ಮಾದರಿಯದು, ಗಾಜಿನ ಗುರಿಯುಳ್ಳದ್ದು. ಇಎಂ-2 ಘೋಷಣೆಯಾಗಿ ಆಗ 34 ವರ್ಷ ಕಳೆದಿತ್ತು.

ಭಾರತವೂ 1990ರ ದಶಕದಲ್ಲಿ 5.56 ತೋಟಾದ ಇನ್ಸಾಸ್ ರೈಫಲ್ ತಯಾರಿಸಿಕೊಂಡಿತು. 1999ರ ಕಾರ್ಗಿಲ್ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜೀನ್ ಬಿರುಕು ಬಿಟ್ಟ ದೂರುಗಳು ಬಂದವು. ಅದರ ಬದಲಿಗೆಂದು 2011ರಲ್ಲಿ ಎರಡು ಬಗೆಯ ತೋಟಾ ಹಾರಿಸಬಲ್ಲ ರೈಫಲ್‌ಗಾಗಿ ಕರೆದ ಟೆಂಡರ್ 2015ರಲ್ಲಿ ರದ್ದಾಯಿತು. ಪುಣೆಯ ರಕ್ಷಣಾ ಪ್ರಯೋಗಾಲಯ ರೂಪಿಸಿದ ಬಹು ತೋಟಾಗಳ ರೈಫಲ್ 2014ರ ರಕ್ಷಣಾ ಪ್ರದರ್ಶನದಲ್ಲಿ ಕಾಣಿಸಿಕೊಂಡಿತಾದರೂ ಸೇನೆ ಸೇರಲಿಲ್ಲ. ಇನ್ಸಾಸ್ ಅನ್ನು ತಿದ್ದಿ ಮಾಡಿದ ಎಕ್ಸ್‌ಕ್ಯಾಲಿಬರ್ ಕೂಡ ಸೇನೆಯ ಮುಖ್ಯ ರೈಫಲ್ ಆಗಲಿಲ್ಲ. ನಮ್ಮಲ್ಲಿಯೂ ಇಎಂ-2ಗಳಿವೆ ಎಂದಾಯಿತು.

ಕೊನೆಗೆ ಬಂದದ್ದು ಎರಡು. 2019ರಲ್ಲಿ ಅಮೆರಿಕದಿಂದ ಕೊಳ್ಳಲು ಒಪ್ಪಿದ 72,400 ಸಿಗ್-716 ರೈಫಲ್‌ಗಳು. ಅವುಗಳ ತೋಟಾ 7.62ಕ್ಕೆ 51, ಅಂದರೆ 1953ರಲ್ಲಿ ಗೆದ್ದ ಅದೇ ದೊಡ್ಡ ತೋಟಾ. ಇನ್ನೊಂದು, 2021ರಲ್ಲಿ ರಷ್ಯದೊಡನೆ ಆದ ಒಪ್ಪಂದದಂತೆ ಉತ್ತರ ಪ್ರದೇಶದ ಕೋರ್ವಾದಲ್ಲಿ ತಯಾರಾಗುವ ಆರು ಲಕ್ಷಕ್ಕೂ ಮೀರಿದ ಎಕೆ-203ಗಳು. ಅವುಗಳದು 1943ರ ಮಧ್ಯಮ ತೋಟಾ. ಗಡಿಯ ಗುಡ್ಡಗಳಲ್ಲಿ ದೂರದ ಗುರಿಗೆ ದೊಡ್ಡದು ಬೇಕು, ಹತ್ತಿರದ ಕಾಳಗಕ್ಕೆ ಮಧ್ಯಮದ್ದು ಸಾಕು ಎಂಬ ಎರಡೂ ವಾದಗಳನ್ನು ನಮ್ಮ ಸೇನೆ ಏಕಕಾಲಕ್ಕೆ ಒಪ್ಪಿದಂತಾಗಿದೆ. ಅತ್ತ ಅಮೆರಿಕದ ಸೇನೆ 2022ರಲ್ಲಿ 6.8 ಮಿಲಿಮೀಟರಿನ ಹೊಸ ತೋಟಾವನ್ನು ಆಯ್ದುಕೊಂಡಿದೆ. ಅದರ ಬಲ ಬಹಳ ಹೆಚ್ಚು. ಆದರೆ ಗುಂಡಿನ ದಪ್ಪ ಮಾತ್ರ ಬ್ರಿಟಿಷ್ ತಜ್ಞರು ಯುದ್ಧ ಮುಗಿಯುತ್ತಲೇ ಹೇಳಿದ ಅಳತೆಯ ಹತ್ತಿರಕ್ಕೇ ಬಂದು ನಿಂತಿದೆ.

ಆದ್ದರಿಂದ ಸ್ಟಡ್ಲರ್ ತಪ್ಪು, ಜಾನ್ಸನ್ ಸರಿ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವಂತಿಲ್ಲ. ಎಲ್ಲ ನೆಲಕ್ಕೂ ಸಲ್ಲುವ ಒಂದೇ ಕೋವಿ ಇಲ್ಲ ಎಂಬುದೇ ಎಪ್ಪತ್ತು ವರ್ಷಗಳ ಈ ಚರ್ಚೆಯ ಸಾರ. ತಪ್ಪಾದದ್ದು ಬೇರೆ ಕಡೆ. ತಜ್ಞರು ಸೈನಿಕನ ಹೆಗಲು, ಕಣ್ಣು, ಕಾಲಡಿಯ ನೆಲದಿಂದ ಲೆಕ್ಕ ಶುರುಮಾಡಿದ್ದರು. ತೀರ್ಮಾನವಾದದ್ದು ರಾಜಧಾನಿಗಳ ಸ್ನೇಹ, ಪ್ರತಿಷ್ಠೆ, ದಾಸ್ತಾನಿನ ಲೆಕ್ಕದಲ್ಲಿ. ಕೋವಿ ಹೊರುವವನ ಮಾತು ಎಲ್ಲಿಯೂ ಬರಲಿಲ್ಲ.

ಉಳಿದ ಕೆಲವು ಇಎಂ-2ಗಳು ಇಂಗ್ಲೆಂಡಿನ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿವೆ. ಕುತೂಹಲಿಗಳು ನೋಡಿ ಬರುತ್ತಾರೆ. ಇತ್ತ ಗುಂಡ್ಲುಪೇಟೆ ಸೀಮೆಯ ಕಾಡಿನ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಅರಣ್ಯ ಇಲಾಖೆಯ ವಾಚರುಗಳು ಬೆಳಗಾಗುತ್ತಲೇ ಗಸ್ತಿಗೆ ಹೊರಡುತ್ತಾರೆ. ಬಾಗಿದ ಬೆನ್ನು, ಲಂಟಾನದ ಮುಳ್ಳು, ಕೈಯಲ್ಲಿ ಇಲಾಖೆ ಕೊಟ್ಟ ಕೋವಿ. ಅಕ್ಟೋಬರ್ 21ರಂದು ಚಾಮರಾಜನಗರದಲ್ಲಿ ಮೂರು ಸುತ್ತು ಗುಂಡಿನ ಸದ್ದು ಕೇಳಿದಾಗ, ಸತ್ತವರ ಹೆಸರಿನ ಜೊತೆಗೆ, ಅವರ ಕೈಗೆ ಏನು ಕೊಟ್ಟು ಕಳಿಸಿದ್ದೆವು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು.